ಆಯ್ದಕ್ಕಿ ಮತ್ತು ಹಕ್ಕಲು: ಕಾಯಕದ ಓದಿಗೊಂದು ತಿದ್ದುಪಡಿ

ಶರಣರ ಕಾಯಕತತ್ತ್ವವನ್ನು ಮಾರ್ಟಿನ್ ಲೂಥರನ ‘ಕರೆ’ಯೊಡನೆ ಹೋಲಿಸುವುದು ನಮ್ಮ ದೇವಶಾಸ್ತ್ರೀಯ ಬರಹಗಳಲ್ಲಿ ರೂಢಿಯಾಗಿದೆ. ಸನ್ಯಾಸಿಗಿರುವಂತೆಯೇ ಚಮ್ಮಾರನಿಗೂ ದೇವರ ಕರೆಯುಂಟೆಂದು 16ನೆಯ ಶತಮಾನದಲ್ಲಿ ಲೂಥರನು ಬೋಧಿಸಿದನು; 12ನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗರ, ಮಾದಾರರ, ಮಡಿವಾಳರ ದುಡಿಮೆಯೇ ಪೂಜೆಯೆನಿಸಿತ್ತು. ಹೋಲಿಕೆ ಸುಳ್ಳಲ್ಲ. ಆದರೆ ನೆರೆಯವನ ಸೇವೆಯೇ ಕರೆಯ ತಿರುಳೆಂದು ಲೂಥರನೇ ಒತ್ತಿ ಹೇಳಿದ್ದರೂ ನಮ್ಮ ಹೋಲಿಕೆಗಳು ಕೆಲಸದ ಘನತೆಯಲ್ಲಿಗೇ ನಿಲ್ಲುತ್ತವೆ. ದುಡಿಮೆಯ ಫಲ ಯಾರಿಗೆಂಬ ಪ್ರಶ್ನೆ ಉಳಿದುಬಿಡುತ್ತದೆ.

ಆ ಪ್ರಶ್ನೆಯನ್ನು ಕೇಳಿದವಳು ಆಯ್ದಕ್ಕಿ ಲಕ್ಕಮ್ಮ. ಬಸವಣ್ಣನ ಮಹಾಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆಕೆಯ ಮತ್ತು ಪತಿ ಮಾರಯ್ಯನ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ತಂದಾಗ, ಅದು ಆಸೆಯ ಫಲವೆಂದು ಬಗೆದು, ಮರಳಿ ಸುರಿದು ಬರಹೇಳಿದಳು. ಜಂಗಮರಿಗೆ ಉಣಬಡಿಸುವ ಹೊಣೆಯೇ ಅವರ ದುಡಿಮೆಗೆ ಅರ್ಥವನ್ನೂ ಅಳತೆಯನ್ನೂ ಕೊಟ್ಟಿತ್ತು. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಮರುದಿನಕ್ಕೆಂದು ಉಳಿಸಿಕೊಂಡ ಮನ್ನವು ಹುಳಬಿದ್ದು ನಾರಿತು. ಲಕ್ಕಮ್ಮನು ಹುಳ ಬೀಳುವ ತನಕ ಕಾಯಲಿಲ್ಲ.

ಇನ್ನೂ ಹತ್ತಿರದ ಹೋಲಿಕೆ ರೂತಳದು. ಅವಳೂ ಬಿದ್ದದ್ದನ್ನು ಆಯ್ದವಳೇ. ತಾನುಂಡು ಉಳಿದದ್ದನ್ನು ಅತ್ತೆ ನೊವೊಮಿಗೆ ತಂದುಕೊಟ್ಟವಳು. ಪರದೇಶಿ ವಿಧವೆಯ ಬಾಳಿಗೆ ಗುರಿ ದೊರೆತದ್ದು ಈ ಹೊಣೆಯಲ್ಲಿ. ಆದರೆ ಅವಳ ಬೆನ್ನಿಗೆ ಒಂದು ವಿಧಿಯಿತ್ತು: ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡವು (19:9–10) ಹೊಲದೊಡೆಯನಿಗೆ ಆಜ್ಞಾಪಿಸುತ್ತದೆ. ಆಯುವವಳ ಕರ್ತವ್ಯಕ್ಕಿಂತ ಮೊದಲು ಬಿಡುವವನ ಕರ್ತವ್ಯವಿದೆ.

ಬಸವಣ್ಣನ ಹೆಸರನ್ನೇ ಹೊತ್ತ ಬಸವೇಶ್ವರನಗರದಲ್ಲಿ, ಕೈಗಾರಿಕಾ ವಸಾಹತುಳ್ಳ ರಾಜಾಜಿನಗರದಲ್ಲಿ ಪ್ರಸಂಗಪೀಠವೇರುವ ಸಭಾಪಾಲಕನ ಮುಂದೆ ಕಾರ್ಖಾನೆಯ ಒಡೆಯನೂ ದಿನಗೂಲಿಯವಳೂ ಒಂದೇ ಸಾಲಿನಲ್ಲಿ ಕುಳಿತಿರಬಹುದು. ‘ನಿನ್ನ ಕೆಲಸವೇ ನಿನ್ನ ಕರೆ’ ಎಂದಷ್ಟೇ ನುಡಿದರೆ ಒಡೆಯನಿಗೆ ಸಮಾಧಾನ ಸಿಗುತ್ತದೆ, ಕೂಲಿಯವಳ ಹೆಗಲಿಗೆ ಇನ್ನೊಂದು ನೊಗ ಬೀಳುತ್ತದೆ. ಲಕ್ಕಮ್ಮನ ಮಿತಿ ಆಕೆಯೇ ಆರಿಸಿಕೊಂಡದ್ದು, ಮೇಲಿನವರು ಹೇರಿದ್ದಲ್ಲ. ಆಕೆಯ ಸಂಯಮವನ್ನು ಬಡವರಿಗೆ ಬೋಧಿಸಿ, ಬೋವಜನ ಹೊಣೆಯನ್ನು ಉಳ್ಳವರಿಗೆ ಹೇಳದೆ ಬಿಡುವ ಪ್ರಸಂಗವು ವಚನಕ್ಕೂ ವೇದವಾಕ್ಯಕ್ಕೂ ಅನ್ಯಾಯ ಮಾಡುತ್ತದೆ.

ಇನ್ನು ಮುಂದೆ ಕಾಯಕವನ್ನು ಪಾಠ ಹೇಳುವಾಗ ಲೂಥರನ ಪಕ್ಕದಲ್ಲಿ ರೂತಳ ಗ್ರಂಥವನ್ನೂ ತೆರೆದಿಡೋಣ.