ಶ್ರೀ ಎಕ್ಸ್ ಒಬ್ಬನೇ ಅಪರಾಧಿಯೆ?
ಫ್ಲೆಮಿಂಗರ ನೊಬೆಲ್ ಉಪನ್ಯಾಸ: ಒಂದು ವಿಮರ್ಶೆ

ವಿಜ್ಞಾನಿಗಳ ಉಪನ್ಯಾಸಗಳನ್ನು ವಿಮರ್ಶೆಯ ಕಣ್ಣಿನಿಂದ ಓದುವ ರೂಢಿ ನಮ್ಮಲ್ಲಿ ಕಡಿಮೆ. ಅವುಗಳಲ್ಲಿರುವ ವಿಷಯವನ್ನು ಗ್ರಹಿಸಿ, ಹೇಳಿದ ಕ್ರಮವನ್ನೂ ಹೇಳದೆ ಬಿಟ್ಟುದನ್ನೂ ಗಮನಿಸದೆ ಮುಂದೆ ಸಾಗುತ್ತೇವೆ. ಆದರೆ ಕೆಲವು ಉಪನ್ಯಾಸಗಳು ತಮ್ಮ ಒಡಲಲ್ಲಿ ನೀತಿಕಥೆಯೊಂದನ್ನು ಇರಿಸಿಕೊಂಡಿರುತ್ತವೆ. ಅಂತಹವನ್ನು ನೀತಿಯ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ. ಪೆನಿಸಿಲಿನ್ ಔಷಧವನ್ನು ಕುರಿತು ಸರ್ ಅಲೆಕ್ಸಾಂಡರ್ ಫ್ಲೆಮಿಂಗರು 1945ರ ಡಿಸೆಂಬರ್ 11ರಂದು ನೀಡಿದ ನೊಬೆಲ್ ಉಪನ್ಯಾಸವು ಈ ಬಗೆಯದು.

ಉಪನ್ಯಾಸದ ಮೊದಲ ಭಾಗ ವಿನಯದ ಮಾದರಿಯಾಗಿದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ರೋಗಾಣುಗಳನ್ನು ಬೆಳೆಸಿದ್ದ ತಟ್ಟೆಯೊಂದರ ಮೇಲೆ ಬೂಷ್ಟು ಬಂದು, ಅದರ ಸುತ್ತಲಿನ ರೋಗಾಣುಗಳು ಕರಗಿಹೋದುದು ಎಲ್ಲರೂ ಬಲ್ಲ ಸಂಗತಿ. ತಾವು ಆಳವಾಗಿ ಚಿಂತಿಸಿ ಈ ಔಷಧವನ್ನು ಕಂಡುಹಿಡಿದೆನೆಂದು ಫ್ಲೆಮಿಂಗರು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಅದು ಆಕಸ್ಮಿಕವೆಂದೂ, ಕಣ್ಣಿಗೆ ಬಿದ್ದುದನ್ನು ಅಲಕ್ಷಿಸದೆ ಬೆನ್ನುಹತ್ತಿದುದಷ್ಟೇ ತಮ್ಮ ಹೆಚ್ಚುಗಾರಿಕೆಯೆಂದೂ ಒಪ್ಪುತ್ತಾರೆ. ಆ ದ್ರವ್ಯವನ್ನು ಔಷಧವಾಗಿ ರೂಪಿಸುವುದು ತಮ್ಮಿಂದ ಆಗಲಿಲ್ಲವೆಂಬುದನ್ನೂ ಮರೆಮಾಚುವುದಿಲ್ಲ. ಆ ಕಾರ್ಯ ಹತ್ತು ವರ್ಷಗಳ ಅನಂತರ ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರಿಂದ ಆಯಿತು. 1945ರ ಪ್ರಶಸ್ತಿಯನ್ನು ಫ್ಲೋರಿ ಮತ್ತು ಚೇನ್ ಫ್ಲೆಮಿಂಗರೊಡನೆ ಹಂಚಿಕೊಂಡರು.

ಉಪನ್ಯಾಸದ ಕೊನೆಯಲ್ಲಿ ನೀತಿಕಥೆ ಬರುತ್ತದೆ. ಪೆನಿಸಿಲಿನ್ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ಕಾಲ ಬರಬಹುದು. ಆಗ ಶ್ರೀ ಎಕ್ಸ್ ಎಂಬಾತನಿಗೆ ಗಂಟಲು ನೋವು ಬರುತ್ತದೆ. ಅವನು ತಾನೇ ಔಷಧ ಕೊಂಡು, ರೋಗಾಣುಗಳು ಸಾಯುವಷ್ಟಲ್ಲದೆ, ಔಷಧವನ್ನು ಎದುರಿಸಲು ಕಲಿಯುವಷ್ಟು ಮಾತ್ರ ಸೇವಿಸುತ್ತಾನೆ. ಆ ರೋಗಾಣು ಅವನ ಹೆಂಡತಿಗೆ ತಗಲುತ್ತದೆ. ಆಕೆಗೆ ನ್ಯುಮೋನಿಯ ಬರುತ್ತದೆ, ಪೆನಿಸಿಲಿನ್ ಕೊಟ್ಟರೂ ಫಲಿಸದೆ ಆಕೆ ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರೆಂದು ಫ್ಲೆಮಿಂಗರು ಕೇಳಿ, ಅಲಕ್ಷ್ಯದಿಂದ ಔಷಧ ಬಳಸಿದ ಗಂಡನೇ ಎಂದು ತೀರ್ಪು ನೀಡುತ್ತಾರೆ. ಪೆನಿಸಿಲಿನ್ ಬಳಸುವುದಾದರೆ ಸಾಕಷ್ಟು ಬಳಸಿರಿ ಎಂಬುದೇ ಅವರ ನೀತಿ.

ರಚನೆಯ ದೃಷ್ಟಿಯಿಂದ ಇದು ಸುಂದರವಾಗಿದೆ. ಅಲಕ್ಷಿಸದ ಒಬ್ಬ ಮನುಷ್ಯನಿಂದ ಆರಂಭವಾದ ಉಪನ್ಯಾಸವು ಅಲಕ್ಷಿಸಿದ ಇನ್ನೊಬ್ಬನಲ್ಲಿ ಮುಗಿಯುತ್ತದೆ. ಜೀವವುಳಿಸುವ ಔಷಧವನ್ನು ತಂದುದು ಎಚ್ಚರ, ಅದನ್ನು ಕೆಡಿಸುವುದು ಪ್ರಮಾದ. ಕಥೆಯ ನೈತಿಕ ಬಲವೂ ದೊಡ್ಡದು. ಬೇರೆ ಔಷಧವನ್ನು ತಪ್ಪಾಗಿ ಸೇವಿಸಿದವನು ಸಾಮಾನ್ಯವಾಗಿ ಅದರ ಫಲವನ್ನು ತಾನೇ ಉಣ್ಣುತ್ತಾನೆ. ಪ್ರತಿಜೀವಕ ಔಷಧದ ತಪ್ಪನ್ನಾದರೋ ತಪ್ಪು ಮಾಡದವರೂ ಉಣ್ಣಬೇಕಾಗುತ್ತದೆ. ಇಲ್ಲಿ ಸಾಯುವವಳು ಹೆಂಡತಿ. ಆಕೆಗೆ ಕಥೆಯಲ್ಲಿ ಒಂದು ಮಾತೂ ಇಲ್ಲ. ರೋಗಾಣುಗಳ ಔಷಧ ಪ್ರತಿರೋಧವು ನೀತಿಯ ಪ್ರಶ್ನೆಯೆಂಬುದನ್ನು ಇಷ್ಟು ಕಡಮೆ ಮಾತುಗಳಲ್ಲಿ ತೋರಿಸುವುದು ಸುಲಭವಲ್ಲ.

ಆದರೆ ತೀರ್ಪನ್ನು ಒಪ್ಪುವ ಮುನ್ನ ಮುಂದಿನ ಇತಿಹಾಸವನ್ನು ನೋಡಬೇಕು. ಬ್ರಿಟನ್ ದೇಶವು 1947ರ ಪೆನಿಸಿಲಿನ್ ಶಾಸನದಿಂದ ಈ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಮಾಡಿತು. ಶ್ರೀ ಎಕ್ಸ್‌ನಿಗೆ ಅಂಗಡಿಯ ಬಾಗಿಲು ಮುಚ್ಚಿತು. ಹೀಗಿದ್ದೂ ಅದೇ ಕಾಲದಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಅವರು ಪರೀಕ್ಷಿಸಿದ ಸ್ಟೆಫಿಲೊಕಾಕಸ್ ರೋಗಾಣುಗಳಲ್ಲಿ ಪೆನಿಸಿಲಿನ್‌ಗೆ ಮಣಿಯದವುಗಳ ಪಾಲು 1948ರ ವೇಳೆಗೆ ಅರ್ಧವನ್ನು ಮೀರಿತ್ತು. ಅಲ್ಲಿ ಔಷಧ ಕೊಟ್ಟವರು ಅಜ್ಞಾನಿಗಳಲ್ಲ, ವೈದ್ಯರು. ಪ್ರತಿರೋಧವುಳ್ಳ ರೋಗಾಣುಗಳು ಆಸ್ಪತ್ರೆಯೊಳಗೆಯೇ ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹರಡುತ್ತಿದ್ದವು. ಕಥೆ ನಿರೀಕ್ಷಿಸಿದ ಅಪರಾಧಿ ಬೀದಿಯಲ್ಲಿದ್ದನು. ಅಪರಾಧವಾದರೋ ವೈದ್ಯಶಾಲೆಯ ಒಳಗೂ ನಡೆಯುತ್ತಿತ್ತು.

ಎರಡನೆಯ ದೋಷವು ರೂಪಕದ್ದು. ಔಷಧವು ರೋಗಾಣುಗಳಿಗೆ ಪಾಠ ಕಲಿಸುತ್ತದೆಂಬ ಮಾತು ಕೇಳಲು ಸೊಗಸಾಗಿದೆ. ಆದರೆ ಅದು ಅಷ್ಟು ಸರಿಯಲ್ಲ. ಔಷಧ ಬರುವ ಮೊದಲೇ ಕೋಟ್ಯಂತರ ರೋಗಾಣುಗಳಲ್ಲಿ ಕೆಲವಕ್ಕೆ ಅದನ್ನು ಎದುರಿಸುವ ಗುಣ ಇರಬಹುದು. ಔಷಧವು ಉಳಿದವನ್ನು ಅಳಿಸಿ ಅವಕ್ಕೆ ಎಡೆಮಾಡಿಕೊಡುತ್ತದೆ. ನಮ್ಮ ಕರುಳಿನಲ್ಲಿರುವ ನಿರುಪದ್ರವಿ ಸೂಕ್ಷ್ಮಜೀವಿಗಳೂ ಈ ಆಯ್ಕೆಗೆ ಒಳಗಾಗುತ್ತವೆ. ಒಂದು ಜಾತಿಯ ಜೀವಿ ತನ್ನ ಪ್ರತಿರೋಧದ ಗುಣವನ್ನು ಇನ್ನೊಂದು ಜಾತಿಗೆ ದಾಟಿಸಬಲ್ಲುದೆಂಬುದನ್ನು ಜಪಾನಿನ ವಿಜ್ಞಾನಿಗಳು 1959ರ ಹೊತ್ತಿಗೆ ತೋರಿಸಿದರು. ಹೀಗಿರುವಾಗ, ಅನಾವಶ್ಯಕವಾಗಿ ಸೇವಿಸಿದ ಔಷಧವು ಪ್ರಮಾಣದಲ್ಲಿ ಪೂರ್ಣವಾಗಿದ್ದರೂ ಹಾನಿಕರವೇ. ಪೆನಿಸಿಲಿನ್ ವಿಷವಲ್ಲವಾದುದರಿಂದ ಹೆಚ್ಚು ಕೊಟ್ಟರೆ ಭಯವಿಲ್ಲವೆಂದು ಫ್ಲೆಮಿಂಗರು ನೀಡಿದ ಅಭಯವು ರೋಗಿಯ ದೇಹವನ್ನು ಮಾತ್ರ ನೋಡಿತು, ಸಮಾಜದ ದೇಹವನ್ನು ನೋಡಲಿಲ್ಲ. ಸಾಕಷ್ಟು ಬಳಸಿರಿ ಎನ್ನುವ ಮೊದಲು, ಬೇಕೇ ಎಂದು ಕೇಳಿರಿ ಎನ್ನಬೇಕಾಗಿತ್ತು. ಇನ್ನೊಂದು ವಿಚಿತ್ರವೆಂದರೆ, ಗಂಟಲು ಬೇನೆಯನ್ನುಂಟುಮಾಡುವ ಮುಖ್ಯ ಸ್ಟ್ರೆಪ್ಟೊಕಾಕಸ್ ರೋಗಾಣುವು ಇಂದಿಗೂ ಪೆನಿಸಿಲಿನ್‌ಗೆ ಮಣಿಯುತ್ತಲೇ ಇದೆ. ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬರುವಂತಹವು. ಅವಕ್ಕೆ ಪ್ರತಿಜೀವಕವೇ ಬೇಕಿಲ್ಲ.

ಮೂರನೆಯದಾಗಿ, ಕಥೆಯಲ್ಲಿ ಪಶುಗಳಿಲ್ಲ. ಉಪನ್ಯಾಸವಾದ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಕೋಳಿ, ಹಂದಿಗಳು ಬೇಗ ಬೆಳೆಯಲೆಂದು ಅವುಗಳ ಆಹಾರದಲ್ಲಿ ಪ್ರತಿಜೀವಕಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸತೊಡಗಿದರು. ಅಲ್ಪ ಪ್ರಮಾಣವೇ ಅಪಾಯವೆಂದು ಫ್ಲೆಮಿಂಗರು ಎಚ್ಚರಿಸಿದ್ದರು. ಆ ಅಪಾಯವನ್ನು ರೋಗವಿಲ್ಲದ ಮೂಕಪ್ರಾಣಿಗಳ ಮೇಲೆ, ಲಾಭಕ್ಕಾಗಿ, ಲೆಕ್ಕವಿಲ್ಲದಷ್ಟು ಸಲ ನಡೆಸಲಾಯಿತು. ಐರೋಪ್ಯ ಒಕ್ಕೂಟವು ಈ ಪದ್ಧತಿಯನ್ನು ಪೂರ್ಣವಾಗಿ ನಿಲ್ಲಿಸಿದ್ದು 2006ರಲ್ಲಿ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿತು.

ಹಳೆಯದು ಕೆಟ್ಟರೆ ಹೊಸದು ಬಂದೀತೆಂಬ ಸಮಾಧಾನವೂ ದೃಢವಾದುದಲ್ಲ. ಹೊಸ ಪ್ರತಿಜೀವಕವನ್ನು ಕಷ್ಟಕಾಲಕ್ಕೆಂದು ಕಾದಿಡುವುದು ವಿವೇಕ. ಆದರೆ ಕಾದಿಟ್ಟ ಸರಕಿಗೆ ವ್ಯಾಪಾರವಿಲ್ಲ. ಅಮೆರಿಕದ ಅಕಾವೊಜೆನ್ ಕಂಪನಿಯ ಪ್ಲಾಜೊಮೈಸಿನ್ ಔಷಧಕ್ಕೆ 2018ರ ಜೂನ್ ತಿಂಗಳಲ್ಲಿ ಅನುಮತಿ ದೊರೆಯಿತು. 2019ರ ಏಪ್ರಿಲ್ ತಿಂಗಳಲ್ಲಿ ಕಂಪನಿ ದಿವಾಳಿಯೆದ್ದಿತು. ಔಷಧವು ಗೆದ್ದು ಅದನ್ನು ತಯಾರಿಸಿದವರು ಸೋತರು. ಇದನ್ನು ಅರಿತು ಇಂಗ್ಲೆಂಡಿನಲ್ಲಿ 2022ರಿಂದ ಎರಡು ಔಷಧಗಳಿಗೆ, ಎಷ್ಟು ಮಾರಾಟವಾದರೂ ಆಗದಿದ್ದರೂ, ವರ್ಷಕ್ಕಿಷ್ಟೆಂದು ಹಣ ಕೊಡುವ ಪ್ರಯೋಗ ಆರಂಭವಾಯಿತು. ನಮ್ಮ ದೇಶದಲ್ಲಿಯೂ ನ್ಯಾಫಿಥ್ರೊಮೈಸಿನ್ ಎಂಬ ಔಷಧವು ದಶಕಕ್ಕೂ ಮಿಕ್ಕ ಶ್ರಮದ ಅನಂತರ 2024ರಲ್ಲಿ ಬೆಳಕು ಕಂಡಿತು. ಅಷ್ಟು ವರ್ಷಗಳ ಶ್ರಮವನ್ನು ನೆಗಡಿಗೆಂದು ಬರೆದ ಚೀಟಿಗಳು ಕೆಲವೇ ವರ್ಷಗಳಲ್ಲಿ ವ್ಯರ್ಥಮಾಡಬಲ್ಲವು.

ಇದು ದೂರದ ಮಾತಲ್ಲ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಗಳ ಔಷಧ ಪ್ರತಿರೋಧವೇ ನೇರ ಕಾರಣವೆಂದು 2022ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜಿಸಿದೆ. ಭಾರತದಲ್ಲಿ 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯ ಪ್ರಕಾರ, ಅದರಲ್ಲಿ ಹೆಸರಿಸಿದ ಔಷಧಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನಿಯಮವಿದ್ದರೂ ಹಳೆಯ ಚೀಟಿ ತೋರಿಸಿ, ನೆರೆಯವರ ಮಾತ್ರೆ ಕೇಳಿ ನುಂಗುವ ಅಭ್ಯಾಸ ನಮ್ಮಲ್ಲಿ ನಿಂತಿಲ್ಲ.

ಬಸದಿಗಳ ಟ್ರಸ್ಟುಗಳು ಉಚಿತ ಚಿಕಿತ್ಸಾ ಶಿಬಿರಗಳನ್ನು ಏರ್ಪಡಿಸುವಾಗ ಈ ವಿಚಾರವನ್ನು ಮನದಲ್ಲಿಡುವುದು ಲೇಸು. ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಔದಾರ್ಯದಿಂದ ಎಲ್ಲರಿಗೂ ಎರಡು ದಿನದ ಪ್ರತಿಜೀವಕ ಹಂಚುವುದು ಔಷಧದಾನವಾಗದು. ಆ ಹಣದಲ್ಲಿ ಮೂತ್ರ, ರಕ್ತದ ಪರೀಕ್ಷೆಗೆ ನೆರವಾಗಬಹುದು. ನಿಜವಾಗಿ ಬೇಕಾದವರಿಗೆ ವೈದ್ಯರು ಹೇಳಿದ ಅವಧಿಯ ಔಷಧವನ್ನು ಪೂರ್ತಿಯಾಗಿ ಒದಗಿಸಬಹುದು. ಆ ಅವಧಿ ಎಲ್ಲ ರೋಗಗಳಿಗೂ ಒಂದೇ ಅಲ್ಲ. ಅನೇಕ ಸೋಂಕುಗಳಿಗೆ ಹಿಂದಿಗಿಂತ ಕಡಮೆ ದಿನಗಳು ಸಾಕೆಂದು ಈಚಿನ ಅಧ್ಯಯನಗಳು ತೋರಿಸಿವೆ. ಕ್ಷಯಕ್ಕಾದರೋ ತಿಂಗಳುಗಟ್ಟಲೆ ತಪ್ಪದೆ ಸೇವಿಸಬೇಕು. ಇದನ್ನು ನಿರ್ಣಯಿಸಬೇಕಾದವರು ವೈದ್ಯರು, ರೋಗಿಯಲ್ಲ.

ಫ್ಲೆಮಿಂಗರ ಕಥೆ ಸುಳ್ಳಲ್ಲ, ಅಪೂರ್ಣ. ಅದರಲ್ಲಿ ಕೇಳಿದ ಪ್ರಶ್ನೆ ಕೊಟ್ಟ ಉತ್ತರಕ್ಕಿಂತ ದೊಡ್ಡದು. ಆ ಹೆಂಡತಿಯ ಸಾವಿಗೆ ಗಂಡನ ಜೊತೆಗೆ, ಕೇಳಿದೊಡನೆ ಮಾರಿದ ಅಂಗಡಿಯವನೂ, ರೋಗಿ ಬೇಸರಗೊಂಡಾನೆಂದು ಚೀಟಿ ಬರೆದ ವೈದ್ಯನೂ, ಲಾಭಕ್ಕಾಗಿ ಪಶುಗಳಿಗೆ ಔಷಧ ತಿನ್ನಿಸಿದವನೂ, ಚೀಟಿ ಬರೆಯದ ವೈದ್ಯನನ್ನು ಕೈಗುಣವಿಲ್ಲದವನೆಂದು ಜರೆದ ನಾವೂ ಹೊಣೆಗಾರರು. ಹೊಣೆ ಹಂಚಿಹೋದಷ್ಟೂ ಹಗುರವಾಗುವುದೆಂದು ತಿಳಿಯಬಾರದು. ಇಲ್ಲಿ ಪ್ರತಿಯೊಬ್ಬನ ಪಾಲೂ ಪೂರ್ಣವಾದುದೇ.