ಹಾರುವುದಕ್ಕಲ್ಲ, ಇಳಿಯುವುದಕ್ಕೆ ಸ್ಕೀ

ಸ್ಕೀ ಅಂಗಡಿಯಲ್ಲಿ ಪಾರ್ಕ್ ಸ್ಕೀಗಳ ಸಾಲಿನ ಮುಂದೆ ನಿಂತ ಹುಡುಗರು ಮೊದಲು ನೋಡುವುದು ಮೇಲಿನ ಚಿತ್ರ. ಆಮೇಲೆ, ಅದನ್ನು ಕಟ್ಟಿಕೊಂಡು ಪದಕ ಗೆದ್ದವರು ಯಾರು ಎಂಬುದು. ಬೆಲೆ ನೋಡುವ ಕೆಲಸ ಅಪ್ಪನದು. ಇದು ಎಂಥ ನೆಲಕ್ಕೆ, ಎಷ್ಟು ಎತ್ತರದಿಂದ ಬಂದು ಇಳಿಯಬೇಕು ಎಂದು ಕೇಳುವವರೇ ಇಲ್ಲ. ಗಾಳಿಯಲ್ಲಿದ್ದಾಗ ಯಾವ ಸ್ಕೀಯೂ ದೂರು ಹೇಳುವುದಿಲ್ಲ. ಅದರ ಬಂಡವಾಳ ಬಯಲಾಗುವುದು ಇಳಿದಾಗ.

ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಕ್ರಾಸ್ ಕಂಟ್ರಿ ಸ್ಕೀಯನ್ನು ಪತ್ರಿಕೆಯ ಚಿತ್ರಗಳಲ್ಲಿ ನೋಡಿದವರಿಗೆ ಸ್ಕೀ ಎಂದರೆ ಉದ್ದನೆಯ, ಸಪೂರವಾದ, ಹಿಮ್ಮಡಿ ಎತ್ತಲು ಬಿಡುವ ಪಟ್ಟಿ. ಜಿಗಿತ, ಕಂಬಿಗಳಿರುವ ಹಿಮದ ಪಾರ್ಕುಗಳಿಗೆಂದೇ ಮಾಡಿದ ಪಾರ್ಕ್ ಸ್ಕೀ ಬೇರೆಯದೇ ಜಾತಿ. ಹಿಮದ ದಿಬ್ಬಗಳ ಮೇಲೆ ಇಳಿಯುವ ಮೊಗಲ್ ಸ್ಪರ್ಧೆಯ ಕಟ್ಟುಪಾಡುಗಳಿಗೆ ಬೇಸತ್ತ ಮೈಕ್ ಡಗ್ಲಸ್, ಜೆ.ಪಿ. ಓಕ್ಲೇರ್ ಮುಂತಾದ ಕೆನಡಾದ ಗೆಳೆಯರಿಗೆ ಹಿಮ್ಮುಖವಾಗಿಯೂ ಇಳಿಯಬಲ್ಲ ಸ್ಕೀ ಬೇಕಿತ್ತು. ಇವರ ಮಾತಿಗೆ ಕಿವಿಗೊಟ್ಟ ಸಾಲೊಮನ್ ಕಂಪನಿ 1998ರಲ್ಲಿ ಟೆನ್‌ಏಟಿ ಎಂಬ ಸ್ಕೀ ತಂದಿತು. ಮೂತಿಯಂತೆ ಬಾಲವೂ ಮೇಲಕ್ಕೆ ಬಾಗಿದ್ದ ಆ ಸ್ಕೀ ಪಾರ್ಕುಗಳ ಆಟವನ್ನೇ ಬದಲಿಸಿತು. ಇಂಥ ಸ್ಕೀಯ ಸ್ಪರ್ಧೆಗಳಾದ ಸ್ಲೋಪ್‌ಸ್ಟೈಲ್ ಮತ್ತು ಹಾಫ್‌ಪೈಪ್ 2014ರಲ್ಲಿ ಸೋಚಿಯಲ್ಲಿ ಒಲಿಂಪಿಕ್ಸ್ ಸೇರಿದವು. ಒಂದೇ ದೊಡ್ಡ ಜಿಗಿತದ ಬಿಗ್ ಏರ್ 2022ರಲ್ಲಿ, ಬೀಜಿಂಗ್‌ನಲ್ಲಿ.

ಸ್ಕೀ ಯಾವುದೇ ಇರಲಿ, ಬೂಟನ್ನು ಹಿಡಿದಿಡುವ ಬೈಂಡಿಂಗನ್ನು ಎಲ್ಲಿ ಕೂರಿಸುತ್ತೀರಿ ಎಂಬಲ್ಲೇ ಅರ್ಧ ಆಟ ತೀರ್ಮಾನವಾಗಿರುತ್ತದೆ. ಬೂಟಿನ ಪಕ್ಕದಲ್ಲಿ ಒಂದು ಸಣ್ಣ ಗೆರೆ ಇದೆ, ಅಡಿಯ ನಡುವಿನ ಗುರುತು. ಎಷ್ಟೋ ಪಾರ್ಕ್ ಸ್ಕೀಗಳ ಮೇಲೂ ಗೆರೆಗಳಿರುತ್ತವೆ: ನಟ್ಟನಡುವೆ ಸೊನ್ನೆ, ಅಲ್ಲಿಂದ ಹಿಂದಕ್ಕೆ ಸೆಂಟಿಮೀಟರ್ ಲೆಕ್ಕ. ಇಳಿಜಾರಿನಲ್ಲಿ ತಿರುವು ಹಾಕಲೆಂದೇ ಮಾಡಿದ ಸ್ಕೀಯಲ್ಲಿ ಬೂಟು ನಡುವಿನಿಂದ ಹತ್ತು ಸೆಂಟಿಮೀಟರಿನಷ್ಟು ಹಿಂದೆ ಕೂರುವುದುಂಟು. ಪಾರ್ಕ್ ಸ್ಕೀಯಲ್ಲಿ ಸಾಮಾನ್ಯವಾಗಿ ಸೊನ್ನೆಯಿಂದ ನಾಲ್ಕರೊಳಗೆ. ಸೊನ್ನೆಯಲ್ಲಿ ಕೂರಿಸಿದರೆ ಮೂತಿ, ಬಾಲ ಎರಡೂ ಸಮ. ಸುತ್ತುವಾಗ ತೂಕ ಒಂದು ಕಡೆಗೆ ಎಳೆಯುವುದಿಲ್ಲ, ಹಿಮ್ಮುಖವಾಗಿ ಇಳಿದಾಗ ಸ್ಕೀ ಮೋಸ ಮಾಡುವುದಿಲ್ಲ. ಟಿ.ವಿ.ಯಲ್ಲಿ ಒಲಿಂಪಿಕ್ಸ್ ನೋಡಿದ ಹುಡುಗರಿಗೆಲ್ಲ ಸೊನ್ನೆಯೇ ಬೇಕು. ಆದರೆ ಮಧ್ಯಾಹ್ನದ ಹೊತ್ತಿಗೆ ಇಳಿಯುವ ಜಾಗದ ಹಿಮ ಎಲ್ಲರ ಸ್ಕೀಯೂ ಬಡಿದು ಗುಡ್ಡೆ ಗುಡ್ಡೆಯಾಗಿರುತ್ತದೆ. ವೇಗದಲ್ಲಿ ಬಂದವನ ಮುಂದೆ ಸಾಕಷ್ಟು ಸ್ಕೀ ಇಲ್ಲದಿದ್ದರೆ ಮೂತಿ ಸಿಕ್ಕಿಕೊಂಡು ಮುಗ್ಗರಿಸುತ್ತಾನೆ. ಸ್ಪರ್ಧೆಗೆ ಹೊಸಬರಿಗೆ ನನ್ನ ಸಲಹೆ ಎರಡು ಸೆಂಟಿಮೀಟರ್ ಹಿಂದೆ. ಕೊರೆದ ತೂತಿಗೆ ತಾಗಿದಂತೆ ಇನ್ನೊಂದು ಕೊರೆದರೆ ಸ್ಕ್ರೂ ಹಿಡಿಯುವುದಿಲ್ಲ, ಹಾಗಾಗಿ ಮೆಕ್ಯಾನಿಕ್ ಡ್ರಿಲ್ ಎತ್ತುವ ಮೊದಲೇ ಈ ವಾದ ಮುಗಿಸಿಕೊಳ್ಳಿ.

ಸ್ಕೀಯ ಬಿಗಿಯನ್ನು ಅಂಗಡಿಯಲ್ಲೇ ನೋಡಬಹುದು. ಬಾಲವನ್ನು ನೆಲಕ್ಕೆ ಊರಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದರಿಂದ ನಡುವನ್ನು ಒತ್ತಿ. ಮೂತಿ ಹದವಾಗಿ ಬಾಗಿ, ಬೂಟು ನಿಲ್ಲುವ ಭಾಗ ಜಗ್ಗದಿದ್ದರೆ ಒಳ್ಳೆಯದು. ಆಮೇಲೆ ತಲೆಕೆಳಗು ಮಾಡಿ ಬಾಲವನ್ನೂ ಒತ್ತಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ. ಇಪ್ಪತ್ತು ಮೀಟರ್ ಹಾರಿ ಬಂದಾಗ ಭಾರ ತುಸು ಹಿಂದೆ ಬಿದ್ದರೆ ಎತ್ತಿ ಹಿಡಿಯಬೇಕಾದ್ದು ಈ ಬಾಲವೇ, ಮೆತ್ತಗಿದ್ದರೆ ಹಿಮದಲ್ಲಿ ಕುಕ್ಕರಿಸಿಬಿಡುತ್ತದೆ. ಹಿಮದ ಮೇಲೆ ಬಳುಕಿ ಆಡಲು ಮೆತ್ತನೆಯ ಸ್ಕೀ ಸೊಗಸು, ಒಪ್ಪುತ್ತೇನೆ. ಸ್ಪರ್ಧೆಗೆ ಅದನ್ನು ಒಯ್ಯಬೇಡಿ.

ನಿಜವಾದ ಇಕ್ಕಟ್ಟು ಇರುವುದು ಉಕ್ಕಿನ ಅಂಚಿನಲ್ಲಿ. ಅರ್ಧ ಸೀಳಿದ ಕೊಳವೆಯಂತಿರುವ ಹಾಫ್‌ಪೈಪ್‌ನ ಗೋಡೆ 22 ಅಡಿ ಎತ್ತರ, ಮಂಜುಗಡ್ಡೆಯಷ್ಟು ಗಟ್ಟಿ. ಅಂಚು ಚೂಪಾಗಿರದಿದ್ದರೆ ಅಲ್ಲಿ ಕಾಲು ನಿಲ್ಲದು. ಸ್ಲೋಪ್‌ಸ್ಟೈಲ್‌ನಲ್ಲಿ ಮೊದಲು ಉಕ್ಕಿನ ಕಂಬಿಗಳ ಮೇಲೆ ಅಡ್ಡಡ್ಡ ಜಾರಬೇಕು, ಆಮೇಲೆ ದೊಡ್ಡ ಜಿಗಿತಗಳು. ಚೂಪು ಅಂಚು ಕಂಬಿಗೆ ಕಚ್ಚಿಕೊಂಡರೆ ಮುಖ ಮುಂದಾಗಿ ಬೀಳುವುದೇ. ಅದಕ್ಕೆ ಬೂಟಿನಡಿಯ ಅಂಚನ್ನಷ್ಟೇ ಅರ ಹಾಕಿ ಮೊಂಡು ಮಾಡಿಸಿ, ಉಳಿದದ್ದನ್ನು ಹಾಗೇ ಬಿಡುತ್ತಾರೆ. ಉಕ್ಕಿಗೆ ಉಕ್ಕು ಬಡಿದು ಬಡಿದು ಅಂಚಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ, ಅಲ್ಲಿಂದ ನೀರಿಳಿದು ಒಳಗಿನ ಪಾಪ್ಲರ್ ಮರ ಉಬ್ಬಿ ಪದರ ಬಿಡುತ್ತದೆ. ಮಾಮೂಲಿಗಿಂತ ದಪ್ಪನೆಯ, ಸುಮಾರು 2.5 ಮಿಲಿಮೀಟರಿನ ಅಂಚಿರುವ ಸ್ಕೀ ತುಸು ಭಾರವಾದರೂ ನನ್ನ ಮತ ಅದಕ್ಕೇ. ಎರಡೂ ಸ್ಪರ್ಧೆ ಆಡುವ ಮಗನಿಗೆ ಒಂದೇ ಜೊತೆಯಲ್ಲಿ ಮುಗಿಸೋಣ ಎನ್ನುವವರಿಗೆ ನಾನು ಏನೂ ಹೇಳಲಾರೆ, ಎರಡು ಜೊತೆ ಬೇಕು.

ಉದ್ದ ಗಲ್ಲ ಮತ್ತು ನೆತ್ತಿಯ ನಡುವೆ ಎಲ್ಲಾದರೂ ಸರಿ. ಎರಡೂ ತುದಿ ಬಾಗಿರುವುದರಿಂದ ಹಿಮಕ್ಕೆ ತಾಗುವ ಉದ್ದ ಬರೆದಿರುವುದಕ್ಕಿಂತ ಕಡಿಮೆ ಎಂಬುದನ್ನು ಮಾತ್ರ ಮರೆಯಬೇಡಿ. ನಡುವಿನ ಅಗಲ 85ರಿಂದ 95 ಮಿಲಿಮೀಟರ್ ಇದ್ದರೆ ಸ್ಲೋಪ್‌ಸ್ಟೈಲ್‌ಗೆ ಸಾಕು, ಹಾಫ್‌ಪೈಪ್‌ಗೆ ಇನ್ನೂ ಸಪೂರ ಆದೀತು. ಬೈಂಡಿಂಗ್ ಎಷ್ಟು ಬಲಕ್ಕೆ ಕಳಚಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಆಟದ ಮಟ್ಟ ನೋಡಿ ಅಂಗಡಿಯವರೇ ನಿಗದಿ ಮಾಡುತ್ತಾರೆ. ಗೆಳೆಯ ಹೇಳಿದನೆಂದು ಮನೆಗೆ ಬಂದು ಸ್ಕ್ರೂಡ್ರೈವರ್ ಹಿಡಿಯುವ ಹುಡುಗರಿದ್ದಾರೆ. ಕಳಚದ ಬೈಂಡಿಂಗ್ ಮೊಣಕಾಲಿಗೆ ಅಪಾಯ.

ಕೊಳ್ಳಲು ಅವಸರ ಮಾಡಬೇಡಿ. ಮಾರ್ಚ್ ಕಳೆದ ಮೇಲೆ ಅದೇ ಸ್ಕೀಯ ಬೆಲೆ ಇಳಿಯುತ್ತದೆ. ಎಷ್ಟೋ ಸಲ ಮುಂದಿನ ಸೀಸನ್‌ಗೆ ಕಂಪನಿಯವರು ಬದಲಿಸುವುದು ಮೇಲಿನ ಚಿತ್ರವನ್ನಷ್ಟೇ.