ತುರ್ತು ವೈದ್ಯಶಿಕ್ಷಣ: ಸಭಾಂಗಣದಿಂದ ತಾಲೂಕು ಆಸ್ಪತ್ರೆಯವರೆಗೆ

ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲಿ ತುರ್ತು ವೈದ್ಯಶಾಸ್ತ್ರವನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ಮಾನ್ಯ ಮಾಡಿದ ಬಳಿಕ, ಮೂರು ವರ್ಷ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಎಂ.ಡಿ. ಪದವಿಗೆ ಓದುವ ನಿವಾಸಿ ವೈದ್ಯರಿಗೆ ಕಲಿಸುವ ಕ್ರಮವೊಂದು ನೆಲೆಗೊಂಡಿದೆ. ವಿಚಾರಗೋಷ್ಠಿ, ಹೊಸ ಸಂಶೋಧನಾ ಲೇಖನಗಳನ್ನು ಪರಿಶೀಲಿಸುವ ಜರ್ನಲ್ ಕ್ಲಬ್, ಸಾವುಗಳ ಕಾರಣವನ್ನು ಶೋಧಿಸುವ ಮರಣ ಪರಾಮರ್ಶೆ, ವಾರ್ಷಿಕ ಸಮ್ಮೇಳನ ಇವು ಅದರ ಅಂಗಗಳು. ಈ ಕ್ರಮದ ಸತ್ವಕ್ಕೆ ಮಹಾನಗರಗಳಿಗಿಂತ ಬೀದರ್ ಜಿಲ್ಲೆಯೇ ತಕ್ಕ ಒರೆಗಲ್ಲು.

ಬೀದರ್ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬ್ರಿಮ್ಸ್ ಇದೆ. ಸುಮಾರು 40 ಕಿಲೋಮೀಟರ್ ದೂರದ ಭಾಲ್ಕಿ ಮತ್ತು ಔರಾದಗಳಲ್ಲಿ ತಾಲೂಕು ಆಸ್ಪತ್ರೆಗಳಿವೆ. ಇಂಥ ಕೃಷಿಪ್ರಧಾನ ತಾಲೂಕುಗಳ ವೈದ್ಯರಿಗೆ ಹಾವು ಕಡಿತ, ಕೀಟನಾಶಕ ಸೇವನೆ ಮತ್ತು ರಸ್ತೆ ಅಪಘಾತಗಳನ್ನು ನಿಭಾಯಿಸುವ ಕೌಶಲ ಅನಿವಾರ್ಯ. ಹಾವು ಕಚ್ಚಿದವರ ಸ್ವಲ್ಪ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನಂಥ ಹಾವಿನ ವಿಷವೇರಿದೆಯೆಂದು ತಿಳಿಯುವ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿದವರಿಗೆ ಎದೆಯ ಕಫದ ಸದ್ದು ಅಡಗುವವರೆಗೆ ಐದೈದು ನಿಮಿಷಕ್ಕೊಮ್ಮೆ ಅಟ್ರೋಪಿನ್ ಪ್ರಮಾಣವನ್ನು ಇಮ್ಮಡಿಸುವ ವಿಧಾನವೂ ಪರದೆಯ ಮೇಲಿನ ಚಿತ್ರದಿಂದಲ್ಲ, ರೋಗಿಯ ಪಕ್ಕದಲ್ಲಿ ನಿಂತು ಮಾಡಿದಾಗಲೇ ಕೈವಶವಾಗುವಂಥದ್ದು.

ಉಪನ್ಯಾಸವನ್ನು ಪೂರ್ತಿ ತಳ್ಳಿಹಾಕುವುದು ನ್ಯಾಯವಲ್ಲ. ಅಮೆರಿಕದಲ್ಲಿ ತುರ್ತು ವೈದ್ಯ ತರಬೇತಿಗೆ ವಾರಕ್ಕೆ ಸರಾಸರಿ ಐದು ಗಂಟೆಗಳ ಯೋಜಿತ ಪಾಠವನ್ನು ಕಡ್ಡಾಯಗೊಳಿಸಿದ ನಿಯಮದ ಗುಣವೆಂದರೆ, ಪಾಳಿಯ ಒತ್ತಡ ಕಲಿಕೆಯ ಸಮಯವನ್ನು ನುಂಗದಂತೆ ಅದು ಕಾಯುತ್ತದೆ. ಆದರೆ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ಅಮೆರಿಕದ ವಿಶ್ಲೇಷಣೆಯೊಂದು, ಬರಿಯ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಂಭವ ಚರ್ಚೆ ಮತ್ತು ಅಭ್ಯಾಸದ ಮೂಲಕ ಕಲಿತವರಿಗಿಂತ ಒಂದೂವರೆ ಪಟ್ಟು ಹೆಚ್ಚೆಂದು ತೋರಿಸಿತು. ಅದು ವಿಜ್ಞಾನ ಮತ್ತು ಎಂಜಿನಿಯರಿಂಗ್‌ನ ಪದವಿ ತರಗತಿಗಳನ್ನು ಕುರಿತದ್ದಾದರೂ, ಕ್ಷಣಾರ್ಧದ ನಿರ್ಧಾರವೇ ಜೀವಾಳವಾದ ಈ ಶಾಸ್ತ್ರಕ್ಕೆ ಅದರ ಎಚ್ಚರಿಕೆ ಸಲ್ಲುತ್ತದೆ.

ಇಂಥ ಅಭ್ಯಾಸಕ್ಕೆ ಅವಕಾಶ ಕೊಡುವ, 2020ರಲ್ಲಿ ಬಂದ ಜಿಲ್ಲಾ ನಿವಾಸಿ ಕಾರ್ಯಕ್ರಮ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಯು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ, ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಕಾಲೇಜಿನ ಪಾಠವು ದೂರವಾಣಿ, ಅಂತರ್ಜಾಲಗಳ ಮೂಲಕ ವಿದ್ಯಾರ್ಥಿಯನ್ನು ಹಿಂಬಾಲಿಸಲು ಅವಕಾಶ ಕಲ್ಪಿಸುವ ಈ ವ್ಯವಸ್ಥೆ, ಜಿಲ್ಲೆಯ ಅನುಭವವು ಕಾಲೇಜಿಗೆ ಮರಳುವ ದಾರಿಗೆ ಅಷ್ಟೇ ಗಮನ ಕೊಟ್ಟಿಲ್ಲ. ಔರಾದದಿಂದ ಬೀದರಿಗೆ ರೆಫರ್ ಆದ ರೋಗಿಯ ಗತಿ ಏನಾಯಿತು, ಹೊರಡುವ ಮುನ್ನವೇ ಪ್ರತಿವಿಷ ಕೊಡಬೇಕಿತ್ತೇ ಎಂಬುದು ಕಳುಹಿಸಿದ ವೈದ್ಯರಿಗೆ ತಿಳಿಯದೆ ಹೋದರೆ, ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ.

ಆದ್ದರಿಂದ ಮರಣ ಪರಾಮರ್ಶೆಯನ್ನು ಕಾಲೇಜಿನ ಗೋಡೆಯೊಳಗೆ ಮುಗಿಸದೆ, ತಾಲೂಕಿನ ವೈದ್ಯರು, ದಾದಿಯರು ಮತ್ತು 108 ಆಂಬುಲೆನ್ಸ್ ಸಿಬ್ಬಂದಿಯನ್ನೂ ಕೂಡಿಸಿಕೊಂಡು ತಿಂಗಳಿಗೊಮ್ಮೆ ನಡೆಸುವುದು, ಬದುಕುಳಿದವರ ಪ್ರಕರಣಗಳನ್ನೂ ಅದರಲ್ಲಿ ಪರಿಶೀಲಿಸುವುದು ಯುಕ್ತ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ ಇಂಥ ಚರ್ಚೆಗೆ ಬೇಕಾದ ದಾಖಲೆಗೂ ಆಧಾರವಿದೆ. ಎಷ್ಟು ಪ್ರಬಂಧಗಳು ಮಂಡನೆಯಾದವೆಂಬ ಲೆಕ್ಕವು ಸಮ್ಮೇಳನದ ಚಟುವಟಿಕೆಯನ್ನು ಹೇಳಬಹುದು. ಅದರ ಸಾರ್ಥಕ್ಯವನ್ನು ಹೇಳಬೇಕಾದದ್ದು ಭಾಲ್ಕಿ, ಔರಾದಗಳಲ್ಲಿ ಮೊದಲ ಗಂಟೆಯ ಚಿಕಿತ್ಸೆ ಎಷ್ಟು ಸುಧಾರಿಸಿತೆಂಬ ಲೆಕ್ಕ.